ಸೊನ್ನೆ ತೆಗೆದ ಮಾತು

ಬಸ್ಸು ಶಿಡ್ಲಘಟ್ಟ ಬಿಡುವ ಹೊತ್ತಿಗೆ ಶಿರೀಷಾ ತಾನು ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಎಷ್ಟೋ ಸಲ ತಿದ್ದಿಯಾಗಿತ್ತು. 'ಸರ್, ಒಂದು ಸಣ್ಣ ವಿನಂತಿ' ಎಂದು ಶುರು ಮಾಡಿದರೆ ಆಮೇಲೆ ನೋಡೋಣ ಎನ್ನುತ್ತಾರೆ. 'ಸರ್, ಇದರಲ್ಲೊಂದು ತಪ್ಪಿದೆ' ಎಂದರೆ ಮುಖ ಗಂಟಾಗುತ್ತದೆ. ಇಷ್ಟು ವರ್ಷ ಪಿಯುಸಿ ಮಕ್ಕಳಿಗೆ ಕನ್ನಡ ಪಾಠ ಮಾಡಿದ ಬಾಯಿ, ಒಬ್ಬ ಅಧಿಕಾರಿಯ ಮುಂದೆ ಒಂದೇ ಒಂದು ಪದ ಬದಲಾಯಿಸಿ ಎಂದು ಕೇಳುವುದಕ್ಕೆ ಇಷ್ಟು ತಡಕಾಡಬೇಕೆ ಎಂದು ಅವಳಿಗೆ ನಾಚಿಕೆಯಾಯಿತು. ಪಕ್ಕದಲ್ಲಿ ಗೂಡು ಮಾರಿ ಬಂದ ಹೆಂಗಸೊಬ್ಬಳು, ಮೈಯೆಲ್ಲ ರೇಷ್ಮೆಹುಳುವಿನ ವಾಸನೆ ಹೊತ್ತು, ಅವಳ ಭುಜಕ್ಕೆ ತಲೆ ಹಾಕಿ ನಿದ್ದೆ ಹೋಗಿದ್ದಳು. ಬಾಯಿ ಅರ್ಧ ತೆರೆದಿತ್ತು. ಉಸಿರು ಒಳಕ್ಕೆ ಹೋಗುವುದು, ಕ್ಷಣ ನಿಲ್ಲುವುದು, ಮತ್ತೆ ಹೊರಕ್ಕೆ ಬರುವುದು. ತಾನು ಅದನ್ನೇ ಕಾಯುತ್ತ ಕೂತಿದ್ದೇನೆಂದು ತಿಳಿದು ಶಿರೀಷಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕೊರೊನಾ ಎರಡನೆಯ ಸಲ ಬಂದಾಗ ತಂದೆ ಮುನಿವೆಂಕಟಪ್ಪ ಹೋದರಲ್ಲ, ಆವಾಗ ಹತ್ತಿದ ಚಾಳಿ ಇದು. ಪಕ್ಕದಲ್ಲಿ ಯಾರೇ ಮಲಗಿರಲಿ, ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೇ ಆಗಲಿ, ಅವರ ಉಸಿರಿಗೆ ಕಾವಲು ಕೂರುವುದು. ಹೆಂಗಸು ಎಚ್ಚರಾಗಿ, "ಏಮಮ್ಮಾ, ಚಿಕ್ಕಬಳ್ಳಾಪುರಂ ವಚ್ಚೆನಾ?" ಎಂದು, ಊರು ಬಂತೇ ಎಂದು ತೆಲುಗಿನಲ್ಲಿ ಕೇಳಿದಳು. "ಇನ್ನೂ ಇಲ್ಲಮ್ಮ" ಎಂದು ಶಿರೀಷಾ ಕನ್ನಡದಲ್ಲೇ ಉತ್ತರ ಕೊಟ್ಟಳು.

ಕರೆಸಿದ್ದು ಸಣ್ಣ ಕೆಲಸಕ್ಕೆ. ಮುಂದೆ ಯಾವ ಮಾರಿ ಬಂದರೂ ಜನ ಹಿಂದಿನ ಹಾಗೆ ದಿಕ್ಕುಗೆಡಬಾರದು ಎಂದು ಚಿಕ್ಕಬಳ್ಳಾಪುರದಲ್ಲೊಂದು ಮುನ್ನೆಚ್ಚರಿಕೆ ಕೋಶ ತೆರೆದಿದ್ದರು. ಅಲ್ಲಿನ ಹೊಸ ಸಹಾಯವಾಣಿಯಲ್ಲಿ ಫೋನ್ ಎತ್ತಲು ಮನುಷ್ಯರು ಬೇಕಿಲ್ಲ. ಯಾರೇ ಕರೆ ಮಾಡಿದರೂ ಮೊದಲೇ ರೆಕಾರ್ಡ್ ಮಾಡಿಟ್ಟ ದನಿ ಮಾತಾಡುತ್ತದೆ, ಇಂಥದಕ್ಕೆ ಒಂದನ್ನು ಒತ್ತಿ, ಇಂಥದಕ್ಕೆ ಎರಡನ್ನು ಒತ್ತಿ ಎನ್ನುತ್ತದೆ. ದನಿ ಇಂಪಾಗಿರಬೇಕು, ಉಚ್ಚಾರಣೆ ಶುದ್ಧವಾಗಿರಬೇಕು. ಹಾಗಿದ್ದ ಮೇಲೆ ನಮ್ಮ ಶಿರೀಷಾ ಮೇಡಂ ಇಲ್ಲವೇ ಎಂದು ಚಿಂತಾಮಣಿಯ ಕಾಲೇಜಿನ ಪ್ರಾಂಶುಪಾಲರು ಅವಳನ್ನು ಕೇಳದೆಯೇ ಹೆಸರು ಕೊಟ್ಟುಬಿಟ್ಟಿದ್ದರು. ಓದಬೇಕಾದ ಸಾಲುಗಳು ಹಿಂದಿನ ದಿನ ಫೋನಿಗೆ ಬಂದವು. ನಮಸ್ಕಾರ ಮುಗಿದ ಮೇಲಿನ ಸಾಲಿನಲ್ಲೇ ಅವಳ ಕಣ್ಣು ನಿಂತಿತು. 'ಆಯಾಸ, ಮೈಕೈ ನೋವು ಇದ್ದಲ್ಲಿ ಒಂದನ್ನು ಒತ್ತಿ. ಉಸಿರಾಟದ ತೊಂದರೆ ಇದ್ದಲ್ಲಿ ಎರಡನ್ನು ಒತ್ತಿ.' ಒಂದಕ್ಕೆ ವಿಶ್ರಾಂತಿ, ಎರಡಕ್ಕೆ ಆಂಬುಲೆನ್ಸ್. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹರಿದದ್ದೂ ಅವಳಿಗೆ ತಿಳಿಯಲಿಲ್ಲ.

ಚಿಂತಾಮಣಿಯಿಂದ ಮೂಡಲಿಗೆ, ಆಂಧ್ರದ ಮಗ್ಗುಲಿನ ಹಳ್ಳಿಗಳಲ್ಲಿ ಆಯಾಸ ಅಂದರೆ ದಣಿವಲ್ಲ, ಏದುಸಿರು. ಗೂರಲು ರೋಗದವರಿಗೆ ಚಳಿಗಾಲದಲ್ಲಿ ಬರುವುದು, ಎದೆ ಮೇಲೆ ಕೆಳಗೆ ಆಗಿ, ಗಾಳಿ ಸಾಲದೆ ಬಾಯಿ ಬಿಡುವುದು, ಅದಕ್ಕೆ ಅವರ ತೆಲುಗಿನಲ್ಲಿ ಆಯಾಸಂ ಎನ್ನುತ್ತಾರೆ. ಅಲ್ಲಿ ಹುಟ್ಟಿದ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಯಾವ ಮೇಷ್ಟರೂ ಹೇಳಿಕೊಡದ ಒಂದು ವ್ಯಾಕರಣವನ್ನು ಆ ಮಕ್ಕಳು ತಾವಾಗಿಯೇ ಕಲಿಯುತ್ತಾರೆ: ತೆಲುಗು ಮಾತಿನ ಕೊನೆಯ ಸೊನ್ನೆ ತೆಗೆದುಬಿಟ್ಟರೆ ಕನ್ನಡ. ಪುಸ್ತಕಂ ಪುಸ್ತಕ, ಕಷ್ಟಂ ಕಷ್ಟ, ದೇವಾಲಯಂ ದೇವಾಲಯ. ಬಹಳ ಸಲ ಸರಿಯಾಗಿಯೇ ಇರುತ್ತದೆ, ಆದ್ದರಿಂದ ಯಾರೂ ಅನುಮಾನಿಸುವುದಿಲ್ಲ. ಶಿರೀಷಾ ಅನುಮಾನಿಸಿದವಳು. ಬೆಂಗಳೂರಿನಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಮಂಡ್ಯದ ಹುಡುಗಿಯರು ಅವಳ ಮಾತನ್ನು ಅವಳೆದುರೇ ಅಣಕಿಸಿ ನಗುತ್ತಿದ್ದರು. ಆಗಿನಿಂದ ಪಾತ್ರೆ ತಳ ಉಜ್ಜುವ ಹಾಗೆ ನಾಲಿಗೆ ಉಜ್ಜಿ, ತೆಲುಗಿನ ಮಸಿಯೆಲ್ಲ ಹೋಯಿತು ಎಂದು ನಂಬಿದ್ದಳು. ಈಗ ಮಂಡ್ಯದವರೇ ಅವಳ ಕನ್ನಡ ಕೇಳಿ, ಊರು ಗುರುತಿಸಲಾಗದೆ, ಯಾವ ಕಡೆಯವರು ನೀವು ಎನ್ನುತ್ತಾರೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಪ್ರತಿ ವರ್ಷ ಮಕ್ಕಳಿಗೆ ಕೊಡುತ್ತಿದ್ದಳು. ಈಚೆಗೆ ಕೊಡುವುದನ್ನು ಬಿಟ್ಟಿದ್ದಳು.

"ಮೀ ನಾಯನಕಿ ಆಯಾಸಮೆಕ್ಕುವೈಂದಿ, ಏಮನ್ನಾ ಚೆಯ್ಯಿ ತಲ್ಲೀ" ಎಂದಿದ್ದಳು ಅಮ್ಮ, ಕೊರೊನಾದ ಆ ದಿನ, ಊರಿನಿಂದ ಫೋನಿನಲ್ಲಿ. ನಿಮ್ಮ ಅಪ್ಪನಿಗೆ ಆಯಾಸ ಜಾಸ್ತಿಯಾಗಿದೆ, ಏನಾದರೂ ಮಾಡು ತಾಯಿ. ನಾಯನ ಮಲಗಿದ್ದ ಕೋಣೆಯ ಪಕ್ಕದಲ್ಲಿ ತಮ್ಮ ಮೋಹನ್‌ಬಾಬು ಕೂಡ ಜ್ವರದಲ್ಲಿ ಬಿದ್ದಿದ್ದ, ಊರಿನ ದಾರಿಗೆ ಮುಳ್ಳು ಹಾಕಿದ್ದರು, ಬಸ್ಸಿಲ್ಲ. ಚಿಂತಾಮಣಿಯ ಮನೆಯಲ್ಲಿ ಶಿರೀಷಾ ಫೋನ್ ಹಿಡಿದು ಬೆಳಗಿನಿಂದ ಸಹಾಯವಾಣಿಗೆ ಹಚ್ಚುತ್ತಲೇ ಇದ್ದಳು. ಮಧ್ಯಾಹ್ನ ಸಿಕ್ಕಿತು. ಆ ಕಡೆ ಗಂಡಸಿನ ದನಿ, ಮೆತ್ತಗಿನ ದನಿ, ಮೈಸೂರಿನ ಕಡೆಯದಿರಬೇಕು. ಅವಳು ತನಗೆ ಗೊತ್ತಿದ್ದ ಅತ್ಯಂತ ಶುದ್ಧ ಕನ್ನಡದಲ್ಲಿ, ನಮ್ಮ ತಂದೆಯವರಿಗೆ ಸೋಂಕು ತಗುಲಿದೆ, ತುಂಬಾ ಆಯಾಸವಾಗುತ್ತಿದೆ ಎಂದಳು. ಜ್ವರ ಇದೆಯೇ ಎಂದು ಆತ ಕೇಳಿದ. ಕಡಿಮೆಯಾಗಿದೆ ಎಂದಳು. "ಆಯಾಸ ಎಲ್ರಿಗೂ ಇರುತ್ತಮ್ಮ, ಗಾಬರಿ ಆಗ್ಬೇಡಿ. ಆರಾಮಾಗಿ ಮಲಗಿಸಿ, ಬಿಸಿನೀರು ಕೊಡಿ. ಬೆಡ್‌ಗಳನ್ನ ಉಸಿರಾಡಕ್ಕೆ ಕಷ್ಟ ಆಗ್ತಿರೋರಿಗೆ ಅಂತ ಇಟ್ಟಿದೀವಿ" ಎಂದ. ಆತನ ಸಮಾಧಾನದ ಮಾತು ಕೇಳಿ ಅವಳ ಎದೆಯೂ ಹಗುರಾಯಿತು; ಎಷ್ಟು ಸಭ್ಯ ಮನುಷ್ಯ ಎಂದುಕೊಂಡಳು, ಧನ್ಯವಾದ ಹೇಳಿದಳು. ಉಸಿರಾಡಲು ಕಷ್ಟ ಎಂದು ಆತನೇ ಬಾಯಿಬಿಟ್ಟು ಹೇಳಿದಾಗಲೂ, ನಮ್ಮ ತಂದೆಗೂ ಅದೇ ಆಗಿರುವುದು ಎಂದು ಹೊಳೆಯಲಿಲ್ಲವಲ್ಲ. ಹೇಳಿಯಾಗಿದೆ ಎಂದೇ ಅವಳು ತಿಳಿದಿದ್ದಳು. ನಾಯನನದು ಇನ್ನೂ ಬೆಡ್ ಕೊಡುವಷ್ಟಿಲ್ಲ ಎಂದು ತಿಳಿದವರು ತೀರ್ಮಾನಿಸಿದ್ದಾರೆ ಎಂದುಕೊಂಡಳು. ಮಲಗಿಸಬೇಕಂತೆ, ಸರ್ಕಾರದವರು ಹೇಳಿದರು ಎಂದು ಅಮ್ಮನಿಗೆ ಫೋನ್ ಮಾಡಿ ತಿಳಿಸಿದಳು.

ನಾಯನ ಎದ್ದು ಕೂರುತ್ತೇನೆ ಎನ್ನುತ್ತಿದ್ದನಂತೆ. ಮಂಚದ ಕಾಲು ಹಿಡಿದು ಏಳುವುದಂತೆ, ಅಮ್ಮ ಎದೆಯ ಮೇಲೆ ಕೈಯಿಟ್ಟು ಮತ್ತೆ ಮಲಗಿಸುವುದಂತೆ. ದೀಪ ಹಚ್ಚುವ ಹೊತ್ತಿಗೆ ಏಳುವುದನ್ನು ಬಿಟ್ಟನಂತೆ. ಇದನ್ನೆಲ್ಲ ಅಮ್ಮ ತಿಥಿಗೆ ಬಂದವರಿಗೆ ಒಂದು ಬಗೆಯ ಹೆಮ್ಮೆಯಿಂದಲೇ ಹೇಳುತ್ತಿದ್ದಳು, ಸರ್ಕಾರದವರು ಹೇಳಿದ್ದರಲ್ಲಿ ಒಂದೂ ಬಿಡದೆ ಮಾಡಿದೆ, ಆಯಸ್ಸು ಅಷ್ಟೇ ಇದ್ದದ್ದು ಎಂದು. ಶಿರೀಷಾ ಕೂಡ ಹಾಗೇ ನಂಬಿದ್ದಳು. ಮುಂದೆ ಎಷ್ಟೋ ತಿಂಗಳಾದ ಮೇಲೆ, ಹರಿತಾ ಎಂಬ ಹುಡುಗಿಯ ಪ್ರಬಂಧ ತಿದ್ದುತ್ತಿದ್ದಾಗ, 'ಅಜ್ಜಿಗೆ ಆಯಾಸ ಬಂದಿದ್ದರಿಂದ ಆಸ್ಪತ್ರೆಗೆ ಸೇರಿಸಿದೆವು' ಎಂಬ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದು, ದಣಿದವರನ್ನು ಯಾರಾದರೂ ಆಸ್ಪತ್ರೆಗೆ ಸೇರಿಸುತ್ತಾರೆಯೇ ಎಂದು ಬರೆಯಹೊರಟಳು. ಬರೆಯುವ ಮೊದಲೇ ಕೈ ನಿಂತಿತು; ಆವತ್ತು ಫೋನಿನಲ್ಲಿ ತಾನು ಹೇಳಿದ್ದೂ ಇದೇ ಮಾತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕಾಫಿ ಕುಡಿಯುತ್ತ ಯಾರದೋ ವರ್ಗಾವಣೆಯ ಮಾತಾಡುತ್ತಿದ್ದರು. ಅವಳು ಎದ್ದು ಹೋಗಿ ಬಚ್ಚಲಿನಲ್ಲಿ ನಲ್ಲಿ ಬಿಟ್ಟು ನಿಂತಳು. ಆಮೇಲೆ ಬಂದು ಆ ಹುಡುಗಿಗೆ ಪೂರ್ತಿ ಅಂಕ ಕೊಟ್ಟಳು.

"ಬನ್ನಿ ಮೇಡಂ, ಬನ್ನಿ. ಬಿಸಿಲಲ್ಲಿ ಬಂದ್ರಿ" ಎಂದು ಡಾಕ್ಟರ್ ಹರಿಕೃಷ್ಣ ಎದ್ದು ನಿಂತೇ ಬರಮಾಡಿಕೊಂಡರು. ಕೋಶಕ್ಕೆ ಅವರೇ ಮುಖ್ಯಸ್ಥರು. ಐವತ್ತು ದಾಟಿದ, ಕಣ್ಣ ಕೆಳಗೆ ಚೀಲವಿದ್ದ ಮನುಷ್ಯ. ಇವರನ್ನು ಮೊದಲೇ ದ್ವೇಷಿಸಿಟ್ಟುಕೊಂಡು ಬರಬೇಕಾಗಿತ್ತು ಎಂದು ಶಿರೀಷಾಗೆ ಅನ್ನಿಸಿತು, ಏಕೆಂದರೆ ಕೂತ ಐದು ನಿಮಿಷದಲ್ಲೇ ಅವರು ಅವಳಿಗೆ ಇಷ್ಟವಾಗಿಬಿಟ್ಟರು. ಕಿಟಕಿಯ ಹತ್ತಿರ ಕರೆದು ಕೆಳಗಿನ ಆಮ್ಲಜನಕದ ಘಟಕ ತೋರಿಸಿದರು. ಆವತ್ತು ಒಂದು ಸಿಲಿಂಡರಿಗಾಗಿ ಬೆಂಗಳೂರಿನಲ್ಲಿ ಯಾರ್ಯಾರದೋ ಬಾಗಿಲು ಕಾದಿದ್ದು, ಈಗ ಇಲ್ಲೇ ತಯಾರಾಗುವುದು, ಗೌರಿಬಿದನೂರಿಗೂ ಇಲ್ಲಿಂದಲೇ ಕಳಿಸಬಹುದಾದದ್ದು. ಔಷಧಿಯ ದಾಸ್ತಾನು, ಹಾಸಿಗೆಗಳು, ಯಾವ ಹಳ್ಳಿಗೆ ಯಾವ ಆಂಬುಲೆನ್ಸ್ ಎಂಬ ನಕ್ಷೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಆಡಿಕೊಳ್ಳುವವರು ಆಡಿಕೊಳ್ಳಲಿ, ಬಾಗಿಲನ್ನಂತೂ ಗಟ್ಟಿಯಾಗಿಯೇ ಮಾಡಿಸಿದ್ದರು. ಗೋಡೆಯ ಮೇಲೆ 'ಕಲಿತ ಪಾಠಗಳು' ಎಂದು ದಪ್ಪ ಅಕ್ಷರದಲ್ಲಿ ಬರೆದ ಬ್ಯಾನರಿತ್ತು. "ನಾವು ಕಲೀದೇ ಇದ್ರೆ ಸತ್ತೋರಿಗೆ ಮೋಸ ಮಾಡ್ದಂಗೆ ಅಲ್ವಾ ಮೇಡಂ" ಎಂದರು. 

ಇದೇ ಸಮಯ ಎಂದು ಅವಳು ಬಾಯಿ ತೆರೆದಳು. ಬಸ್ಸಿನಲ್ಲಿ ತಿದ್ದಿಟ್ಟುಕೊಂಡಿದ್ದ ಯಾವ ವಾಕ್ಯವೂ ಬರಲಿಲ್ಲ. "ಸರ್, ಆ ಆಯಾಸ ಅನ್ನೋ ಪದ... ಅದನ್ನ ತೆಗೆದು ಸುಸ್ತು ಅಂತ ಹಾಕಬಹುದಾ?" ಎಂದಳು. ಯಾಕೆ ಎಂದರು. ತಮ್ಮ ಕಡೆ ಅದಕ್ಕೆ ಬೇರೆ ಅರ್ಥವಿದೆ ಎಂದು ವಿವರಿಸಿದಳು. ಪಾಠ ಮಾಡುವಾಗಿನ ದನಿ ಎಲ್ಲಿ ಹೋಯಿತೋ, ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದವಳಂತೆ ತೊದಲಿದಳು. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಮೊಬೈಲಿನಲ್ಲಿ ನಿಘಂಟು ತೆಗೆದು, ಕನ್ನಡಕ ಹಣೆಗೇರಿಸಿ ಓದಿದರು. "ಆಯಾಸ, ದಣಿವು, ಬಳಲಿಕೆ, ಶ್ರಮ. ಸರಿಯಾಗೇ ಇದೆಯಲ್ಲ ಮೇಡಂ. ಕನ್ನಡ ಲೆಕ್ಚರರ್ ಆಗಿ ನೀವೇ ಹಿಂಗಂದ್ರೆ ಹೆಂಗೆ?" ಎಂದು ನಕ್ಕರು, ನೋಯಿಸುವ ನಗೆಯೇನೂ ಅಲ್ಲ. "ಉಸಿರಾಟದ ತೊಂದರೆಗೆ ಎರಡು ಒತ್ತಿ ಅಂತಾನೂ ಇದೆಯಲ್ಲ."

"ಎರಡರವರೆಗೂ ಅವರು ಕಾಯಲ್ಲ ಸರ್. ಆಯಾಸ ಅಂತ ಕೇಳಿದ ತಕ್ಷಣ ಒಂದು ಒತ್ತಿಬಿಡ್ತಾರೆ. ಅವರಿಗಿರೋದು ಅದೇ ತಾನೆ."

"ಹಂಗೆ ಯಾರಿಗಾದ್ರೂ ಆಗಿದೆಯಾ? ಅಂದ್ರೆ, ಆವಾಗ?"

ಆಗ ಅವಳು 'ನನಗೆ' ಎನ್ನಬೇಕಾಗಿತ್ತು. ನಮ್ಮ ತಂದೆಗೆ ಆಗಿದೆ ಸರ್, ನಾನೇ ಮಾಡಿದೆ ಎನ್ನಬೇಕಾಗಿತ್ತು. ಅದಕ್ಕೇ ಅಲ್ಲವೇ ಬಸ್ಸು ಹತ್ತಿ ಬಂದದ್ದು. ಆದರೆ ಎದುರಿಗಿದ್ದ ಮನುಷ್ಯ ಈಗಷ್ಟೇ ಕನ್ನಡ ಲೆಕ್ಚರರ್ ಎಂದಿದ್ದರು, ಆ ಎರಡು ಪದಗಳನ್ನು ಕಳಚಿಟ್ಟು ಬರಿಗೈಯಲ್ಲಿ ನಿಲ್ಲುವುದು ಅವಳಿಂದಾಗಲಿಲ್ಲ. "ನಮ್ಮ ಕಡೆ ಒಬ್ಬರಿಗೆ ಆಗಿತ್ತು ಸರ್" ಎಂದಳು. ಹೇಳುತ್ತಿದ್ದ ಹಾಗೆಯೇ ಆ ಒಬ್ಬರು ಎಷ್ಟು ಚಿಕ್ಕವರಾಗಿಬಿಟ್ಟರು ಎಂದು ಅವಳಿಗೇ ಕಾಣಿಸಿತು. ಡಾಕ್ಟರು ತಲೆಯಾಡಿಸಿದರು. ಬೆಂಗಳೂರಿನಲ್ಲಿ ದೊಡ್ಡ ಸಮಿತಿ ಕೂತು ಒಪ್ಪಿದ ಮಾತುಗಳಿವು, ಇಡೀ ರಾಜ್ಯಕ್ಕೆ ಒಂದೇ, ಇಲ್ಲಿ ಒಂದು ಅಕ್ಷರ ತಿದ್ದಿದರೂ ಮತ್ತೆ ಅಲ್ಲಿಗೇ ಹೋಗಬೇಕು, ಸೋಮವಾರ ಉದ್ಘಾಟನೆ. 'ಒಬ್ಬರ ಅನುಭವಕ್ಕೆ' ಎಂದು ಶುರು ಮಾಡಿ, ಅವಳ ಮುಖ ನೋಡಿ, ಆ ಮಾತನ್ನು ಅಲ್ಲಿಗೇ ಬಿಟ್ಟರು. "ಮುಂದಿನ ಮೀಟಿಂಗಲ್ಲಿ ಖಂಡಿತ ಹೇಳ್ತೀನಿ ಮೇಡಂ. ಜನಕ್ಕೂ ಒಂದು ತರಬೇತಿ ಕೊಡೋಣ, ರೋಗಲಕ್ಷಣಾನ ಸರಿಯಾಗಿ ಹೇಳೋದು ಹೆಂಗೆ ಅಂತ. ಒಳ್ಳೆ ಪಾಯಿಂಟು ಕೊಟ್ರಿ." ಅವರು ಅದನ್ನು ಬರೆದುಕೊಂಡರು ಕೂಡ. ಅಂದರೆ ತಪ್ಪು ಇನ್ನು ಮುಂದೆ ಅಧಿಕೃತವಾಗಿ ಆಯಾಸಪಡುವವರದು.

ರೆಕಾರ್ಡಿಂಗಿಗೆ ಅಂತ ಮಾಡಿದ್ದ ಕೋಣೆ ಹಿಂದೆ ಉಗ್ರಾಣವಾಗಿತ್ತು. ಗೋಡೆಗೆ ಆಸ್ಪತ್ರೆಯ ಕೆಂಪು ಕಂಬಳಿಗಳನ್ನು ತೂಗುಹಾಕಿ ಸದ್ದು ಕಟ್ಟಿದ್ದರು. ಕಂಪ್ಯೂಟರಿನ ಮುಂದೆ ಮುನೇಶ್ ಎಂಬಾತ ಕೂತಿದ್ದ, ಗೌರಿಬಿದನೂರಿನ ಕಡೆಯವನು, ಇಂಜಿನಿಯರಿಂಗ್ ಓದಿ, ಗುತ್ತಿಗೆಯ ಮೇಲೆ ಇಲ್ಲಿಗೆ ಬಂದವನು. ಅವಳು ಮೈಕಿನ ಮುಂದೆ ಕೂತು ಗಂಟಲು ಸರಿಪಡಿಸಿಕೊಂಡು ಓದಿದಳು: 'ಸುಸ್ತು, ಮೈಕೈ ನೋವು ಇದ್ದಲ್ಲಿ ಒಂದನ್ನು ಒತ್ತಿ.' ಮುನೇಶ್ ನಿಲ್ಲಿಸಿದ.

"ಮೇಡಂ, ಪದ ಬದ್ಲಾಯ್ತು."

"ಇರಲಿ ಬಿಡಪ್ಪ. ಅರ್ಥ ಒಂದೇ ಅಲ್ವಾ?"

"ನಂಗೇನಿಲ್ಲ ಮೇಡಂ. ಈ ಸಾಫ್ಟ್‌ವೇರು ನೀವು ಓದಿದ್ದನ್ನ ಟೆಕ್ಸ್ಟ್ ಜೊತೆ ತಾಳೆ ನೋಡುತ್ತೆ. ಬೇರೆ ಇದ್ರೆ ತಗೊಳ್ಳಲ್ಲ. ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿ ಇದು." ಆಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ನಮ್ಮನೇಲೂ ಆಯಾಸ ಅಂದ್ರೆ ದಮ್ಮೇ ಮೇಡಂ. ನಮ್ಮವ್ವ ಆಂಜಿನಮ್ಮಂಗೂ ಇದೆ. ಮೊದಲ ದಿನಾನೇ ನೋಡ್ದೆ ಇದನ್ನ" ಎಂದ.

"ಸರ್‌ಗೆ ಹೇಳಲಿಲ್ವಾ?"

ಮುನೇಶ್ ಪರದೆಯ ಕಡೆ ತಿರುಗಿದ. ಗುತ್ತಿಗೆಯವನು ಸಮಿತಿಗೆ ಕನ್ನಡ ಕಲಿಸಲು ಹೋದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಕೇಳಿದ್ದಕ್ಕೆ ಅವಳಿಗೇ ಕೆಡುಕೆನಿಸಿತು. ಕಾಯಂ ನೌಕರಿಯ ತಾನೇ 'ನಮ್ಮ ಕಡೆ ಒಬ್ಬರಿಗೆ' ಎಂದು ಹೇಳಿ ಜಾರಿಕೊಂಡು ಬಂದಿರುವಾಗ.

ಎರಡನೆಯ ಸಲ ಅವಳು ಇದ್ದದ್ದು ಇದ್ದ ಹಾಗೆ ಓದಿದಳು. ತಾನು ಓದದಿದ್ದರೆ ಬೇರೆ ಯಾರೋ ಓದುತ್ತಾರೆ, ತೊದಲುತ್ತ ಓದುತ್ತಾರೆ, ಎರಡನ್ನು ಒತ್ತಿ ಎನ್ನುವುದೂ ಯಾರಿಗೂ ತಿಳಿಯದ ಹಾಗೆ ಓದುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಮನಸ್ಸು ಬಲು ಕಳ್ಳ. ಮುನೇಶ್ ಅದನ್ನು ತಿರುಗಿ ಹಾಕಿ ಕೇಳಿಸಿದಾಗ ತನ್ನದೇ ದನಿ ಕಂಬಳಿಗಳ ನಡುವೆ ತುಂಬಿಕೊಂಡಿತು. ಸಕಾರ ಸಕಾರವಾಗಿಯೇ ಇತ್ತು, ಎಲ್ಲೂ ಎಳೆತವಿಲ್ಲ, ತೆಲುಗಿನ ಸುಳಿವಿಲ್ಲ. ಎಂಥ ಸಮಾಧಾನದ ದನಿ. ಕೇಳಿದವರ ಎದೆ ಹಗುರಾಗುವಂಥದ್ದು. 'ಗಾಬರಿಯಾಗಬೇಡಿ. ಮನೆಯಲ್ಲಿಯೇ ಮಲಗಿ ವಿಶ್ರಾಂತಿ ಪಡೆಯಿರಿ. ಬಿಸಿನೀರು ಕುಡಿಯಿರಿ.' ಚೆನ್ನಾಗಿ ಬಂದಿದೆ ಎಂದು ಒಂದು ಗಳಿಗೆ ಅವಳಿಗೆ ಖುಷಿಯಾಯಿತು. ಆ ಖುಷಿ ಅರಿವಿಗೆ ಬಂದದ್ದೇ ನೀರು ಕೇಳಿದಳು. ಆ ಮೈಸೂರಿನ ಕಡೆಯ ಮನುಷ್ಯ ಈಗ ಎಲ್ಲಿದ್ದಾನೋ, ಅವನ ಕೆಲಸವನ್ನು ತಾನು ವಹಿಸಿಕೊಂಡಾಯಿತು. ಅವನಿಗಾದರೆ ಗೊತ್ತಿರಲಿಲ್ಲ.

ಊಟದ ಹೊತ್ತಾಗುತ್ತಿತ್ತು. ಡಾಕ್ಟರು ಒಳಗೆ ಬಂದು, ಕೇಳಿ, ಭೇಷ್ ಎಂದರು. ಮುಗಿಸುವ ಮೊದಲು ಒಂದು ಪ್ರಯೋಗದ ಕರೆ ಮಾಡಿ ನೋಡಬೇಕು, ಹಳ್ಳಿಯ ವಯಸ್ಸಾದವರು ಯಾರಾದರೂ ಇದ್ದರೆ ಒಳ್ಳೆಯದು, ಅವರಿಗೆ ಅರ್ಥವಾದರೆ ಎಲ್ಲರಿಗೂ ಅರ್ಥವಾದ ಹಾಗೆ ಎಂದು ಮುನೇಶನಿಗೆ ಹೇಳುತ್ತಿದ್ದರು. ಶಿರೀಷಾ ಕುಡಿಯುತ್ತಿದ್ದ ನೀರನ್ನು ಕೆಳಗಿಟ್ಟಳು. "ನಮ್ಮಮ್ಮ ಇದ್ದಾರೆ ಸರ್. ಅಮ್ಮಾಜಮ್ಮ ಅಂತ. ಊರಲ್ಲಿ ತಮ್ಮನ ಮನೇಲಿದ್ದಾರೆ" ಎಂದಳು. ಅಮ್ಮ ತಪ್ಪು ಒತ್ತುತ್ತಾಳೆ ಎಂದು ಅವಳಿಗೆ ಖಾತ್ರಿಯಿತ್ತು. ಇವರ ಕಣ್ಣೆದುರೇ ಒತ್ತಲಿ, ಆಗ ಇವರೇನನ್ನುತ್ತಾರೋ ನೋಡೋಣ ಎಂದುಕೊಂಡಳು. ಹೆತ್ತ ತಾಯಿ ದಡ್ಡಿಯಾಗಿ ಕಾಣಲಿ ಎಂದು ಬಯಸುವ ಮಗಳು ಎಂಥವಳು ಎಂಬ ಯೋಚನೆಯೂ ಅದರ ಹಿಂದೆಯೇ ಬಂತು, ಆದರೆ ಅಷ್ಟರಲ್ಲಿ ಅವಳು ಫೋನ್ ಹಚ್ಚಿಯಾಗಿತ್ತು. "ಅಮ್ಮಾ, ಈಗೊಂದು ಫೋನ್ ಬರ್ತದೆ. ಪರೀಕ್ಷೆಗೆ ಅಷ್ಟೇ, ಹೆದರ್ಕೋಬೇಡ. ನಾಯನನಿಗೆ ಆವತ್ತು ಹೆಂಗಿತ್ತು, ಅದನ್ನ ನೆನೆಸ್ಕೋ. ಅದಕ್ಕೆ ಯಾವುದು ಒತ್ತು ಅಂತದೋ ಅದು ಒತ್ತು" ಎಂದಳು. ಸರಿ ಎಂದಳು ಅಮ್ಮ.

ಕರೆ ಹೋಯಿತು. ಊರಿನ ಕೋಳಿ ಕೂಗುವುದು ಸ್ಪೀಕರಿನಲ್ಲಿ ಕೇಳಿಸಿತು. ಶಿರೀಷಾಳ ದನಿ ನಮಸ್ಕಾರ ಎಂದಿತು. "ಅಯ್ಯ, ಮನ ಅಮ್ಮಾಯಿ ಗೊಂತು" ಎಂದು ಅಮ್ಮ ಪಕ್ಕದವರಿಗೆ ಯಾರಿಗೋ ಹೇಳಿದಳು, ನಮ್ಮ ಹುಡುಗಿಯ ದನಿ ಎಂದು. 'ಆಯಾಸ' ಎಂದಿತು ದನಿ. ಮುಂದಿನದನ್ನು ಅಮ್ಮ ಕೇಳಿಸಿಕೊಂಡಂತೆ ಕಾಣಲಿಲ್ಲ. ಪರದೆಯ ಮೇಲೆ 'ಒಂದು' ಎಂದು ಹಸಿರಾಗಿ ಮೂಡಿತು. ದನಿ ಅವಳಿಗೆ ಗಾಬರಿಯಾಗಬೇಡಿ ಎಂದಿತು, ಮಲಗಿ ಎಂದಿತು, ಧನ್ಯವಾದ ಹೇಳಿತು. ಯಶಸ್ವಿ ಎಂದು ತೋರಿಸಿ ಕಂಪ್ಯೂಟರು ಸುಮ್ಮನಾಯಿತು.

"ಸರ್, ನಮ್ಮ ತಂದೆಗೆ ಉಸಿರು ಸಿಕ್ತಿರಲಿಲ್ಲ" ಎಂದಳು ಶಿರೀಷಾ.  "ಅದನ್ನ ನೆನೆಸಿಕೊಂಡೇ ಅಮ್ಮ ಒಂದು ಒತ್ತಿದ್ದು."

ಡಾಕ್ಟರು ಅವಳನ್ನೇ ನೋಡಿದರು. ಮುಖದ ನಗೆ ಹೋಯಿತು. ಒಳ್ಳೆಯ ಮನುಷ್ಯ, ತಳ್ಳಿಹಾಕಲಿಲ್ಲ. "ಕೇಳೋಣ, ಅವರನ್ನೇ ಕೇಳೋಣ" ಎಂದು ಅವಳ ಫೋನಿನಿಂದಲೇ ಅಮ್ಮನಿಗೆ ಕರೆ ಮಾಡಿಸಿ ಸ್ಪೀಕರಿಗೆ ಹಾಕಿದರು. "ಅಮ್ಮ, ನಾನು ಡಾಕ್ಟ್ರು ಮಾತಾಡ್ತಿರೋದು. ನಿಮ್ಮೆಜಮಾನರಿಗೆ ಆವಾಗ ಏನಾಗ್ತಿತ್ತು?"

"ಆಯಾಸ ಸಾರ್. ಬಾರೀ ಆಯಾಸ."

"ಅಂದ್ರೆ ಸುಸ್ತಾಗಿ ಮಲಗಿದ್ರಾ?"

ಶಿರೀಷಾ ಮೇಜಿನ ಅಂಚು ಹಿಡಿದುಕೊಂಡಳು. ಇಲ್ಲ ಸಾರ್, ಮಲಗಲಿಲ್ಲ, ಏಳುತ್ತಿದ್ದರು, ಗಾಳಿಗೆ ಬಾಯಿ ಬಿಡುತ್ತಿದ್ದರು ಎಂದು ಅಮ್ಮ ಹೇಳಿಬಿಟ್ಟರೆ ಮುಗಿಯಿತು. ಆದರೆ ಅಮ್ಮ ಡಾಕ್ಟರರ ಮಾತಿಗೆ ಯಾವತ್ತು ಇಲ್ಲ ಎಂದವಳು? ಅವರು ಕೇಳುವ ಪ್ರಶ್ನೆಯಲ್ಲಿ ಅವರಿಗೆ ಬೇಕಾದ ಉತ್ತರ ಇರುತ್ತದೆ, ಅದನ್ನು ಎತ್ತಿ ಕೈಗಿಡುವುದು ಮರ್ಯಾದೆ ಎಂದು ತಿಳಿದ ಕಾಲದವಳು. "ಹೂಂ ಸಾರ್, ಸುಸ್ತೂ ಆಗಿದ್ರು" ಎಂದಳು ಅಮ್ಮ. "ನೀವು ಹೇಳ್ದಂಗೆ ಮಲಗಿಸಿದ್ವಿ ಸಾರ್."

ಡಾಕ್ಟರು ಶಿರೀಷಾಳ ಕಡೆ ತಿರುಗಿ, ನೋಡಿದಿರಾ ಎನ್ನುವುದಕ್ಕೆ ಬದಲು ಕಣ್ಣನ್ನಷ್ಟೇ ಮುಚ್ಚಿ ತೆರೆದರು. ತಂದೆಯನ್ನು ಕಳೆದುಕೊಂಡ ಮಗಳಿಗೆ ಹೀಗೆಲ್ಲ ಅನ್ನಿಸುವುದು ಸಹಜ ಎಂಬ ಅರ್ಥ ಅದರಲ್ಲಿತ್ತು. ಅಮ್ಮ ಇನ್ನೂ ಫೋನಿಟ್ಟಿರಲಿಲ್ಲ.

"ಶಿರೀಷಾ, ಉನ್ನಾವಾ? ಎಷ್ಟು ಚೆಂದಾಗಿ ಹೇಳಿದೀಯಮ್ಮ. ಒಂದು ಒತ್ತಿದ ತಕ್ಷಣ ಏನು ಮಾಡ್ಬೇಕು ಅಂತ ಹೇಳ್ತು. ಆವತ್ತು ನೀನು ಬೆಳಗಿಂದ ಫೋನ್ ಹಚ್ಚಿ ಹಚ್ಚಿ ಸಾಕಾದೆ, ಮಧ್ಯಾಹ್ನದವರೆಗೂ ಯಾರೂ ಸಿಗಲಿಲ್ಲ. ಇದು ಆವತ್ತೇ ಇದ್ದಿದ್ರೆ ನಿಮ್ ನಾಯನ ಉಳ್ಕೊಂತಿದ್ರಲ್ವೇನಮ್ಮ?"

ಕೋಣೆಯಲ್ಲಿದ್ದ ಇಬ್ಬರೂ, ಫೋನಿನ ಆ ಕಡೆ ಅಮ್ಮನೂ ಶಿರೀಷಾಳ ಉತ್ತರಕ್ಕೆ ಕಾದರು; ನಾಲ್ವರು ಎನ್ನಬೇಕು, ಏಕೆಂದರೆ ತನ್ನ ಉತ್ತರಕ್ಕೆ ಅವಳೂ ಕಾದಿದ್ದಳು. ವಾಕ್ಯ ಸಿದ್ಧವಾಗಿತ್ತು. ಇಲ್ಲಮ್ಮ, ನೀನು ಈಗ ಒತ್ತಿದ್ದೂ ಅದೇ, ನಾನು ಆವತ್ತು ಹೇಳಿದ್ದೂ ಅದೇ, ಅದಕ್ಕೇ ಅವರು ಮಲಗಿಸಿ ಎಂದದ್ದು, ನಾಯನ ಏಳುತ್ತಿದ್ದದ್ದು ಉಸಿರಿಗಾಗಿ. ಅಷ್ಟು ಹೇಳಿದರೆ ಡಾಕ್ಟರರಿಗೆ ತಿಳಿಯುತ್ತಿತ್ತು. ಸೋಮವಾರ ನಿಲ್ಲುತ್ತಿತ್ತೋ ಇಲ್ಲವೋ, ಅವರು ಬೆಂಗಳೂರಿಗೆ ಫೋನಾದರೂ ಮಾಡುತ್ತಿದ್ದರು. ಎಲ್ಲೋ ಒಂದು ಊರಿನಲ್ಲಿ ಯಾವುದೋ ಮುದುಕನನ್ನು ಕೂರಿಸಿಕೊಂಡು ಆಂಬುಲೆನ್ಸಿಗೆ ಕಾಯುತ್ತಿದ್ದರು. ಆದರೆ ಇತ್ತ ತಮ್ಮೂರಿನಲ್ಲಿ, ಅದೇ ಮಂಚದ ಮೇಲೆ ಕೂತು, ಅಮ್ಮ ತನ್ನ ಬಲಗೈಯನ್ನು ನೋಡಿಕೊಳ್ಳುತ್ತಾಳೆ. ಏಳುತ್ತಿದ್ದವನ ಎದೆಯ ಮೇಲೆ ಎಷ್ಟು ಸಲ ಇಟ್ಟ ಕೈ ಎಂದು ಸಾಯುವ ತನಕ ಲೆಕ್ಕ ಹಾಕುತ್ತಾಳೆ. ಯಾವುದನ್ನು ಉಳಿಸಬೇಕೋ ಶಿರೀಷಾಗೆ ತಿಳಿಯಲಿಲ್ಲ. ತಿಳಿಯುವಷ್ಟು ಹೊತ್ತನ್ನು ಯಾರೂ ಕೊಡಲಿಲ್ಲ, ಅಮ್ಮ ಮತ್ತೆ "ಉನ್ನಾವಾ?" ಎಂದು ಕೇಳಿದಳು.

"ಇದ್ದೀನಿ ಅಮ್ಮ. ಹೂಂ, ಉಳ್ಕೊಂತಿದ್ರು" ಎಂದಳು.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅಮ್ಮ, ಸೋಮವಾರ ಜೀಪು ಕಳಿಸುತ್ತೇವೆ, ಬಂದು ಈಗ ಹೇಳಿದ ಮಾತನ್ನೇ ಎಲ್ಲರ ಮುಂದೆ ಹೇಳಬೇಕು ಎಂದರು. ಅಟ್ಲಾಗೇ ಸಾರ್, ಬರ್ತೀನಿ ಎಂದಳು ಅಮ್ಮ. ಫೋನ್ ಇಟ್ಟ ಮೇಲೆ ಅವರು ಶಿರೀಷಾಳ ಭುಜ ಮುಟ್ಟುವಂತೆ ಕೈ ಎತ್ತಿ, ಮುಟ್ಟದೆ, ಊಟ ಮಾಡಿಕೊಂಡೇ ಹೋಗಿ ಮೇಡಂ ಎಂದು ಹೇಳಿ ಹೊರಗೆ ಹೋದರು.

ಮುನೇಶ್ ಮೌಸಿನ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದ. ಪರದೆಯ ಮೇಲೆ ಒಂದು ಪ್ರಶ್ನೆ ನಿಂತಿತ್ತು. ಅದಕ್ಕೆ ಹೂಂ ಎಂದರೆ ದನಿ ಬೆಂಗಳೂರಿಗೆ ಹೋಗಿಬಿಡುತ್ತದೆ, ಆಮೇಲೆ ಇಲ್ಲಿಂದ ಮುಟ್ಟುವ ಹಾಗಿಲ್ಲ. ಅದನ್ನು ಅವನು ಡಾಕ್ಟರರನ್ನು ಕೇಳಬಹುದಾಗಿತ್ತು. ಕೇಳಿರಲಿಲ್ಲ.

"ಮೇಡಂ, ಕಳಿಸ್ಲಾ?" ಎಂದ, ಅವಳ ಕಡೆ ನೋಡದೆ.

ಹೊರಗೆ ತಟ್ಟೆ ಲೋಟಗಳನ್ನು ಜೋಡಿಸುತ್ತಿದ್ದರು. ಯಾರೋ ಅವಳ ಹೆಸರು ಹಿಡಿದು ಊಟಕ್ಕೆ ಕರೆದರು.

"ಕಳಿಸಪ್ಪ" ಎಂದಳು ಶಿರೀಷಾ.